ಮ್ಯಾನೇಜ್ ಮಾಡಿದ್ದು ಸಾಕು, ಅಕ್ಕ

ಅಕ್ಕನಿಗೆ,

'ಪ್ರೀತಿಯ' ಅಂತ ಬರೆದು ಹೊಡೆದುಹಾಕಿದೆ. ಅದು ಸುಳ್ಳು ಅಂತಲ್ಲ. ಆ ಪದ ಕಣ್ಣೆದುರು ಇದ್ದರೆ ಮುಂದಿನದನ್ನು ಬರೆಯಲು ಆಗುವುದಿಲ್ಲ, ಅದಕ್ಕೆ.

ಭಾನುವಾರ ಭಾವ ಬಂದಿದ್ದರು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, ನೆಲ ನೋಡುತ್ತ, ನೀನು ಹೇಳಿಕಳಿಸಿದ್ದನ್ನು ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದರು. "ಒಡಹುಟ್ಟಿದವಳೇ ನನ್ನ ಅನ್ನಕ್ಕೆ ಕಲ್ಲು ಹಾಕಿದ್ಲು, ಇನ್ನು ಅವಳಿಗೂ ನನಗೂ ಋಣ ಹರೀತು ಅಂತ ಹೇಳಿ ಬಾ ಅಂದ್ಲು." ಪಾಪ, ಇಂಥ ಕೆಲಸಗಳೇ ಅವರಿಗೆ ಗಂಟುಬೀಳುತ್ತವೆ. ನೀರು ಕೊಟ್ಟೆ, ಕುಡಿದರು. ಮೆಟ್ಟಿಲು ಇಳಿಯುವಾಗ ತಿರುಗಿ ನೋಡಿ, "ನೀನಾದ್ರೂ ಒಂಚೂರು ಮ್ಯಾನೇಜ್ ಮಾಡಬಹುದಿತ್ತಮ್ಮ" ಅಂದರು.

ಋಣ ಹರಿಯಿತು ಅಂದಾಗ ಬಾರದ ಸಿಟ್ಟು ಆ ಒಂದು ಪದಕ್ಕೆ ಬಂತು. ನಮ್ಮ ಮನೆಗೆ ನೆಂಟನ ಹಾಗೆ ಬಂದು, ಉಂಡು, ಮಲಗಿ, ಕೊನೆಗೆ ಯಜಮಾನನಾಗಿ ಕೂತ ಪದ ಅದು. ಅದರ ಕಥೆ ನಿನಗೆ ನೆನಪಿಲ್ಲದಿದ್ದರೆ ನಾನು ನೆನಪಿಸುತ್ತೇನೆ.

ಅಮ್ಮ ಹಾಸಿಗೆ ಹಿಡಿದ ವರ್ಷ. ಅಪ್ಪ ಲಾರಿ ಹತ್ತಿದರೆ ವಾಪಸ್ಸು ಯಾವಾಗ ಅನ್ನುವುದು ದೇವರಿಗೇ ಗೊತ್ತು. ನೀನು ಶಾಲೆ ಬಿಟ್ಟು ಒಲೆ ಹಿಡಿದೆ. ಎದುರುಮನೆಯ ನರ್ಸಮ್ಮ ಅಮ್ಮನಿಗೆ ಸೂಜಿ ಹಾಕಲು ಬಂದವರು ನಿನ್ನನ್ನು ನೋಡಿ, "ಎಂಥಾ ಹುಡುಗಿರೀ ಇವಳು, ಇಷ್ಟು ಚಿಕ್ಕ ವಯಸ್ಸಿಗೆ ಇಡೀ ಮನೆ ಮ್ಯಾನೇಜ್ ಮಾಡ್ತಾಳೆ!" ಅಂದರು. ಅವರು ಹೋದ ಮೇಲೆ "ಹಾಗಂದ್ರೇನಕ್ಕ?" ಅಂತ ಕೇಳಿದೆ. ನೀನು ಬಟ್ಟಲು ತೊಳೆಯುತ್ತ ಹೇಳಿದೆ: "ಇಲ್ಲದ್ದನ್ನ ಇದೆ ಅನ್ನೋ ಹಾಗೆ ಮಾಡೋದು ಕಣೇ." ಹೌದು, ನೀನು ಮಾಡುತ್ತಿದ್ದದ್ದೂ ಅದೇ. ಹಾಲಿಗೆ ನೀರು, ಆ ನೀರಿಗೆ ಇನ್ನಷ್ಟು ನೀರು. ನಿನ್ನ ಸ್ವೆಟರಿನ ನೂಲು ಬಿಚ್ಚಿ ನನಗೆ ಸ್ವೆಟರು. ನಿನಗೆ ಹಸಿವಿಲ್ಲ ಅಂತ ನಾನು ಎಷ್ಟು ಸಲ ನಂಬಿದೆನೋ! ಆ ಅಕ್ಕನ ಬಗ್ಗೆ ಯಾರಾದರೂ ಒಂದು ಮಾತು ಆಡಿದರೆ ಇವತ್ತಿಗೂ ಕೆನ್ನೆಗೆ ಬಾರಿಸುತ್ತೇನೆ.

ಆದರೆ ಈ ಕಾಗದ ಆ ಅಕ್ಕನಿಗಲ್ಲ. ಗಾಜಿನ ಕೋಣೆಯ ಅಕ್ಕನಿಗೆ.

ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಗೆ ಮೊದಲು ಸೇರಿದವಳು ನೀನು. ನನ್ನನ್ನೂ ಸೇರಿಸಿದೆ. ನೀನು ಮೊದಲು ಬಟ್ಟೆಯ ಮಡಿಕೆ ಮೇಜು, ಆಮೇಲೆ ರೋಲರ್, ಆಮೇಲೆ ಮೇಸ್ತ್ರಿ. ಕೊನೆಗೆ ಮಾಲೀಕರು ಗಾಜಿನ ಕೋಣೆಯ ಬಾಗಿಲಿಗೆ 'ಮ್ಯಾನೇಜರ್' ಅಂತ ಹಲಗೆ ಹೊಡೆಸಿ ನಿನ್ನನ್ನು ಒಳಗೆ ಕೂರಿಸಿದರು. ಅವತ್ತು ನಾವು ಹೆಂಗಸರೆಲ್ಲ ಕೈ ಬಿಸಿಯಾಗುವಷ್ಟು ಚಪ್ಪಾಳೆ ತಟ್ಟಿದೆವು. ಗುಬ್ಬಚ್ಚಿಯಂತೂ ಕುಣಿದೇಬಿಟ್ಟಳು. ಸಣ್ಣ ಆಳು, ದೊಡ್ಡ ಬಾಯಿ, ನಿಂತಲ್ಲಿ ನಿಲ್ಲದವಳು. ಆ ಹೆಸರು ಅವಳಿಗೆ ಇಟ್ಟವಳೇ ನೀನು. "ನಮ್ಮೋಳೇ ಮ್ಯಾನೇಜರ್ ಆದ್ಲು ಕಣ್ರೇ! ಇನ್ಮೇಲೆ ನಮಗೂ ಕೂತ್ಕೊಳ್ಳೋಕೆ ಸ್ಟೂಲು ಬರುತ್ತೆ!" ಅಂದಳು.

ಸ್ಟೂಲು ಬರಲಿಲ್ಲ. ನಿನ್ನ ಮಾತು ಬಂತು. ಫ್ಯಾನು ಕೆಟ್ಟರೆ, "ಮ್ಯಾನೇಜ್ ಮಾಡ್ರಪ್ಪ." ಇಬ್ಬರ ಕೆಲಸ ಒಬ್ಬಳ ತಲೆಗೆ ಬಿದ್ದರೆ, "ಈ ವಾರ ಮ್ಯಾನೇಜ್ ಮಾಡು." ತುಂಬು ಬಸುರಿಯೊಬ್ಬಳು ನಿಲ್ಲಲಾಗದೆ ಗೋಡೆ ಹಿಡಿದರೆ, "ಊಟದ ಹೊತ್ತಿನವರೆಗೂ ಮ್ಯಾನೇಜ್ ಮಾಡಮ್ಮ, ಆಮೇಲೆ ನೋಡೋಣ." ಮೊದಲೆಲ್ಲ ನೀನೇ ಹೊಟ್ಟೆ ಕಟ್ಟಿ ಮಾಡುತ್ತಿದ್ದದ್ದನ್ನು ಈಗ ಬೇರೆಯವರ ಹೊಟ್ಟೆ ಕಟ್ಟಿಸಿ ಮಾಡತೊಡಗಿದೆ. ಪದ ಒಂದೇ. ಹೊರುವವರು ಬದಲಾದರು.

ಕಾರ್ಖಾನೆ ತಪಾಸಣೆಯ ಇನ್ಸ್‌ಪೆಕ್ಟರರ ಮನೆಯ ಪರದೆ, ಸೋಫಾ ಹೊದಿಕೆಗಳೆಲ್ಲ ನಮ್ಮಲ್ಲಿ ಪುಕ್ಕಟೆ ಒಗೆದು ಹೋಗುತ್ತಿದ್ದವು. ಅವರು ಬಂದರೆ ನಿನ್ನ ಕೋಣೆಯಲ್ಲಿ ಕಾಫಿ ಕುಡಿದು, ಯಂತ್ರದ ಕಡೆ ತಲೆಯನ್ನೂ ತಿರುಗಿಸದೆ ಹೊರಡುತ್ತಿದ್ದರು. "ಅವರನ್ನ ಮ್ಯಾನೇಜ್ ಮಾಡಿದೀನಿ ಸರ್" ಅಂತ ನೀನು ಫೋನಿನಲ್ಲಿ ಮಾಲೀಕರಿಗೆ ಹೇಳಿದ್ದು ಕೇಳಿಸಿತು. ಹಾಲನ್ನು ಮ್ಯಾನೇಜ್ ಮಾಡಬಹುದು, ಮನೆಯನ್ನು ಮಾಡಬಹುದು ಅಂತ ಗೊತ್ತಿತ್ತು. ಮನುಷ್ಯರನ್ನೂ ಹಾಗೆ ಮಾಡಬಹುದು ಅಂತ ಅವತ್ತು ತಿಳಿಯಿತು.

ಇನ್ನು ರೋಲರಿನ ವಿಷಯ. ಕಾದ ಕಬ್ಬಿಣದ ಆ ಉರುಳೆಯ ಬಾಯಿಗೆ ಬೆಡ್‌ಶೀಟು ಕೊಡುತ್ತ ನೀನೂ ಬೆಂದವಳೇ. ಕೈ ಒಳಗೆ ಹೋಗದ ಹಾಗೆ ಮುಂದೆ ಒಂದು ಕಂಬಿ. ಬೆರಳು ತಾಗಿದರೆ ಸಾಕು, ಉರುಳೆ ಗಕ್ಕನೆ ನಿಲ್ಲಬೇಕು. ಅದು ಕೆಟ್ಟು ಉರುಳೆ ಸುಮ್ಮಸುಮ್ಮನೆ ನಿಲ್ಲತೊಡಗಿತು. ಆಸ್ಪತ್ರೆಯ ಬಟ್ಟೆ ತಡವಾಯಿತು. ಮಾಲೀಕರು ಫೋನಿನಲ್ಲಿ ನಿನ್ನ ಮೇಲೆ ಕೂಗಾಡಿದರು. ನೀನು ಮೆಕ್ಯಾನಿಕನನ್ನು ಕರೆದು ಆ ಕಂಬಿಯನ್ನು ಬಟ್ಟೆಚೂರಿನಿಂದ ಮೇಲಕ್ಕೆ ಕಟ್ಟಿಸಿಬಿಟ್ಟೆ. ಗುಬ್ಬಚ್ಚಿ ನಿನ್ನ ಕೋಣೆಗೇ ಬಂದು ಹೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. "ಅಕ್ಕಾ, ಭಯ ಆಗುತ್ತೆ." ನೀನು ತಲೆಯೆತ್ತಲಿಲ್ಲ. "ಪಾರ್ಟು ಬರ್ತಿದೆ ಕಣೇ, ಅಲ್ಲೀವರೆಗೆ ಮ್ಯಾನೇಜ್ ಮಾಡು." ನಾನೂ ಬಾಯಿ ಹಾಕಿದೆ. "ನೀನು ಸುಮ್ನಿರು, ನಿನಗೇನು ಗೊತ್ತಾಗುತ್ತೆ" ಅಂತ ನೀನು ನನ್ನ ಬಾಯಿ ಮುಚ್ಚಿಸಿದೆ.

ಮಂಗಳವಾರ ಒದ್ದೆ ಶೀಟಿನ ಅಂಚು ಅವಳ ಬೆರಳಿಗೆ ಸುತ್ತಿಕೊಂಡಿತು. ಆ ಕೂಗನ್ನು ಬರೆಯುವ ಶಕ್ತಿ ನನಗಿಲ್ಲ. ನಾನು ಓಡಿ ಗೋಡೆಯ ಸ್ವಿಚ್ಚು ಎಳೆಯುವ ಹೊತ್ತಿಗೆ ಆಗುವುದು ಆಗಿಹೋಗಿತ್ತು. ಬಲಗೈ. ಮಣಿಕಟ್ಟಿನ ತನಕ.

ಆಸ್ಪತ್ರೆಯ ಪಡಸಾಲೆಯಲ್ಲಿ ಅವಳ ಗಂಡ ಗೋಡೆಗೆ ತಲೆ ಇಟ್ಟು ನಿಂತಿದ್ದ. ನೀನು ಮೂಲೆಯಲ್ಲಿ ಫೋನಿನಲ್ಲಿದ್ದೆ. "ಇಲ್ಲ ಸರ್, ಏನೂ ತೊಂದ್ರೆ ಇಲ್ಲ, ಮ್ಯಾನೇಜ್ ಆಗ್ತಿದೆ." ಡಾಕ್ಟರು ಒಳ್ಳೆಯ ಸುದ್ದಿ ಹೇಳಿರಬೇಕು ಅಂದುಕೊಂಡು ನಿನ್ನ ಹತ್ತಿರ ಓಡಿಬಂದೆ, ಅಕ್ಕ. ಆಮೇಲೆ ತಿಳಿಯಿತು. ನೀನು ಹೇಳುತ್ತಿದ್ದದ್ದು ಸಂಜೆಯ ಬಟ್ಟೆ ಲೋಡಿನ ಬಗ್ಗೆ.

ಕಾಲೇಜಿನಲ್ಲಿ ಇಂಗ್ಲಿಷ್ ಓದುವ ನನ್ನ ಮಗಳನ್ನು ಕೇಳಿದೆ, ಈ ಹಾಳು ಪದಕ್ಕೆ ಎಷ್ಟು ಅರ್ಥವೇ ಅಂತ. ನಿಘಂಟು ತೆಗೆದು ಓದಿದಳು. ನಿಭಾಯಿಸು, ನಡೆಸು, ಆಳು, ಹೇಗೋ ದಾಟಿಸು. ಹಿಂದೆ ಕುದುರೆ ಪಳಗಿಸುವುದಕ್ಕೂ ಹೇಳುತ್ತಿದ್ದರಂತೆ. ಬೇರು ಹುಡುಕಿದರೆ 'ಕೈ' ಅನ್ನುವ ಮಾತಿನಿಂದ ಬಂದದ್ದಂತೆ. "ಮುಚ್ಚೇ ಆ ಪುಸ್ತಕ" ಅಂತ ಅವಳ ಮೇಲೆ ರೇಗಿದೆ. ಪಾಪ, ಅವಳ ತಪ್ಪೇನಿತ್ತು?

ಕಾರ್ಖಾನೆ ಇಲಾಖೆಯ ವಿಚಾರಣೆಯ ಹಿಂದಿನ ದಿನ ನೀನು ನಮ್ಮ ಮನೆಗೆ ಬಂದೆ. ಅಷ್ಟರಲ್ಲಿ ಕಂಬಿ ತನ್ನ ಜಾಗಕ್ಕೆ ಬಂದಿತ್ತು, ಹೊಸ ಬಣ್ಣವನ್ನೂ ನೀನೇ ಬಳಿಸಿದ್ದೆ. ಅಡುಗೆಮನೆಯಲ್ಲಿ ನನ್ನ ತಲೆ ಸವರುತ್ತ ಹೇಳಿದೆ: "ನೀನು ಸುಳ್ಳು ಹೇಳೋದೇ ಬೇಡ. ಅವಳು ಯಾವಾಗ್ಲೂ ಮಾತಾಡ್ತಾ ಕೆಲಸ ಮಾಡ್ತಿದ್ಲು ಅಂದ್ರೆ ಸಾಕು. ಅದು ನಿಜ ತಾನೆ? ಅಷ್ಟು ಮ್ಯಾನೇಜ್ ಮಾಡು, ಪುಟ್ಟಿ." ನಿಜವೇ, ಗುಬ್ಬಚ್ಚಿ ವಟವಟ ಅನ್ನುತ್ತಲೇ ಇರುತ್ತಿದ್ದಳು. ಅವಳ ಮಾತಿನಿಂದಲೇ ಆ ಧಗೆಯಲ್ಲಿ ನಮ್ಮೆಲ್ಲರ ಹೊತ್ತು ಹೋಗುತ್ತಿತ್ತು. ಆ ನಿಜವನ್ನೇ ಹಗ್ಗ ಮಾಡಿ ಅವಳ ಕೊರಳಿಗೆ ಹಾಕಲು ಹೊರಟೆಯಲ್ಲ, ನಿನಗೆ ಮನಸ್ಸಾದರೂ ಹೇಗೆ ಬಂತು?

ಮಾರನೆಯ ದಿನ ನಡೆದದ್ದು ನಿನಗೆ ಗೊತ್ತು. ಈ ಸಲ ಬಂದವರು ಹೊಸ ಇನ್ಸ್‌ಪೆಕ್ಟರು, ಕಾಫಿ ಬೇಡ ಅಂದರು. ನಿನ್ನ ಕೋಣೆಯಲ್ಲಿ, ನಿನ್ನ ಮೇಜಿನ ಮುಂದೆ, ನಾನು ಹೇಳಿದೆ: "ಕಂಬಿ ಮೇಲಕ್ಕೆ ಕಟ್ಟಿತ್ತು ಸರ್. ಕಟ್ಟಿಸಿದ್ದು ನಮ್ಮಕ್ಕ. ಕೆಲಸ ನಿಲ್ಲಬಾರದು ಅಂತ ಇವಳ ಮೇಲೆ ಕೂಗಾಡಿದ್ದು ಇವರು." ಅಂದು ಮಾಲೀಕರ ಕಡೆ ಬೆರಳು ತೋರಿಸಿದೆ. ನನ್ನ ಹಿಂದೆ ಮಡಿಕೆ ಮೇಜಿನವರೆಲ್ಲ ಒಬ್ಬೊಬ್ಬರಾಗಿ ಬಂದು ಅದನ್ನೇ ಹೇಳಿದರು. ಮಾಲೀಕರು ಏನು ಮಾಡಿದರು? ಕೈ ಕೊಡವಿಕೊಂಡು, "ನನಗೇನೂ ಗೊತ್ತಿರ್ಲಿಲ್ಲ, ಎಲ್ಲಾ ಮ್ಯಾನೇಜರ್ರೇ ನೋಡ್ಕೊಳ್ತಿದ್ರು" ಅಂದರು. ರೋಲರಿಗೆ ಬೀಗ ಬಿತ್ತು. ಅವತ್ತೇ ನಿನ್ನನ್ನು ಮನೆಗೆ ಕಳಿಸಿದರು. ನಿನ್ನ ಅನ್ನಕ್ಕೆ ಕಲ್ಲು ಹಾಕಿದವರು ಯಾರು, ಅಕ್ಕ? ಸರಿಯಾಗಿ ನೋಡಿ ಹೇಳು.

ಭಾವ ಬಾಯಿ ತಪ್ಪಿ ಇನ್ನೊಂದನ್ನೂ ಹೇಳಿದರು. ಮಾಲೀಕರ ತಮ್ಮ ಬೇರೊಂದು ಲಾಂಡ್ರಿ ತೆರೆಯುತ್ತಾನಂತೆ. ಕೋರ್ಟಿನಲ್ಲಿ ಗುಬ್ಬಚ್ಚಿಯ ಕೇಸು ಮುಗಿಯುವ ತನಕ ನೀನು ಬಾಯಿ ಬಿಡದಿದ್ದರೆ ಅಲ್ಲಿ ನಿನಗೆ ಮ್ಯಾನೇಜರ್ ಕುರ್ಚಿ ಸಿಗುತ್ತದಂತೆ. ಅರ್ಥವಾಯಿತೇ? ನಿನ್ನನ್ನು ಮ್ಯಾನೇಜ್ ಮಾಡುತ್ತಿದ್ದಾರೆ. ಇನ್ಸ್‌ಪೆಕ್ಟರರನ್ನು ಮಾಡಿದ ಹಾಗೆ, ನನ್ನನ್ನು ಮಾಡಲು ನೋಡಿದ ಹಾಗೆ. ಇಷ್ಟು ವರ್ಷ ಲಗಾಮು ನಿನ್ನ ಕೈಯಲ್ಲಿದೆ ಅಂದುಕೊಂಡೆಯಲ್ಲ, ಅದು ಇದ್ದದ್ದು ನಿನ್ನ ಬಾಯಲ್ಲಿ.

ಗುರುವಾರ ಅವಳ ಕೇಸು. ಮಾಲೀಕರ ವಿರುದ್ಧ ಬೇರೆ ಪುರಾವೆ ಇಲ್ಲ; ಅವರು ಫೋನಿನಲ್ಲಿ ಏನು ಕೂಗಿದರು ಅನ್ನುವುದನ್ನು ಕಿವಿಯಾರೆ ಕೇಳಿದವಳು ನೀನೊಬ್ಬಳೇ. ಹೇಳಿದರೆ ನಿನಗೂ ಶಿಕ್ಷೆ ಆಗಬಹುದು. ಆಗಲಿ. ನಿನ್ನ ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ. ಹಾಲಿಗೆ ನೀರು ಬೆರೆಸದೆ ನೋಡಿಕೊಳ್ಳುತ್ತೇನೆ. ಈ ಮಾತು ಚುಚ್ಚಿತೇ? ಚುಚ್ಚಲಿ ಅಂತಲೇ ಬರೆದೆ.

ನಿನ್ನೆ ಗುಬ್ಬಚ್ಚಿಯ ಮನೆಗೆ ಹೋಗಿದ್ದೆ. ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದಳು. ಸಹಾಯಕ್ಕೆ ಹೋದರೆ "ಬಿಡೇ, ನಾನೇನು ಮಗುವಾ" ಅಂತ ಗದರಿದಳು. ಹೊರಡುವಾಗ ಮಾತ್ರ ಮೆಲ್ಲಗೆ ಕೇಳಿದಳು: "ನಿಮ್ಮಕ್ಕ ಒಂದ್ಸಲ ಬರಬಹುದಿತ್ತು, ಅಲ್ವಾ?" ನಿನ್ನ ಪರವಾಗಿ ಉತ್ತರ ಕೊಡುವುದನ್ನು ನಾನು ಬಿಟ್ಟಿದ್ದೇನೆ.

ಗುರುವಾರ ಬೆಳಿಗ್ಗೆ ಕೋರ್ಟಿನ ಮುಂದಿನ ಬೆಂಚಿನಲ್ಲಿ ನಾನು ಕೂತಿರುತ್ತೇನೆ. ನನ್ನ ಪಕ್ಕ ಜಾಗ ಹಿಡಿದಿಡುವುದಿಲ್ಲ. ನೀನು ಬಂದರೆ ನಿಲ್ಲಬೇಕಾದದ್ದು ಕಟಕಟೆಯಲ್ಲಿ.

ಸುಖವಾಗಿರು ಅಂತ ಹರಸಲು ಇವತ್ತು ಬಾಯಿ ಬರುತ್ತಿಲ್ಲ. ಧೈರ್ಯವಾಗಿರು, ಅಕ್ಕ. ಅಷ್ಟೇ ನನ್ನ ಹಾರೈಕೆ.

ಇಂತಿ,
ಇನ್ನೂ ಸಿಟ್ಟಿನಲ್ಲೇ ಇರುವ
ನಿನ್ನ ತಂಗಿ