ಅರ್ಧಕ್ಕೆ ನಿಂತ ಭಿನ್ನರಾಶಿ ಪಾಠ

ಶಾಲೆಯ ಸ್ಟಾಫ್ ರೂಮು
ಮಾರ್ಚ್ ೭, ಮಧ್ಯಾಹ್ನ

ಪ್ರೀತಿಯ ರೀ,

ಸೊಂಟ ನೋವು ಹೇಗಿದೆ? ಹಡಗಿನ ಅಡುಗೆಮನೆಯಲ್ಲಿ ಆ ದೊಡ್ಡ ಪಾತ್ರೆಗಳನ್ನು ಒಬ್ಬರೇ ಎತ್ತಬೇಡಿ ಎಂದರೆ ನೀವು ಕೇಳುವ ಪೈಕಿಯಲ್ಲ. ಅತ್ತೆ ಆರಾಮಾಗಿದ್ದಾರೆ. ಪುಟ್ಟಿಯ ಮುಂದಿನ ಹಲ್ಲು ಬಿದ್ದಿದೆ, ಮಾತು ಮಾತ್ರ ಒಂದಿಷ್ಟೂ ಕಡಿಮೆಯಾಗಿಲ್ಲ.

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಬೈಯಬೇಡಿ. ಇವತ್ತು ನನ್ನ ಪರೀಕ್ಷಾ ಪಾಠವಿತ್ತು. ಪಾಸಾದರೆ ಟೀಚರ್ ಕೆಲಸ, ಇಲ್ಲವಾದರೆ ಇನ್ನೊಂದು ವರ್ಷ ತರಬೇತಿ. ಪಾಠವೇನೋ ಆಯಿತು, ಪರೀಕ್ಷಕರೂ ತರಬೇತಿಯ ಮೇಡಮ್ಮೂ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾರೆ.

ಭಿನ್ನರಾಶಿ ಪಾಠ. ಕಾಗದ ಮಡಚಿ, ಕತ್ತರಿಸಿ ಅರ್ಧ, ಮೂರನೇ ಒಂದು, ನಾಲ್ಕನೇ ಒಂದು ಎಂದು ತೋರಿಸಿದೆ. "ಅರ್ಥ ಆಯ್ತಾ?" ಎಂದೆ. "ಆಯ್ತು ಮಿಸ್" ಎಂದು ಇಡೀ ಕ್ಲಾಸು ರಾಗ ಎಳೆಯಿತು. ಪರೀಕ್ಷಕರ ಕೈಲಿದ್ದ ನನ್ನ ಪಾಠಯೋಜನೆಯ ಪ್ರಕಾರ ಆಗಲೇ ಕೂಡುವ ಲೆಕ್ಕಕ್ಕೆ ಹೋಗಬೇಕಿತ್ತು. ಸುಮ್ಮನೆ ಹೋಗಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತುಟಿ ಮಾತ್ರ ಆಡಿಸಿದ್ದು ಕಣ್ಣಿಗೆ ಬಿತ್ತು. ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗವೋ ಎಂದು ಅವಳನ್ನು ಕೇಳಿಬಿಟ್ಟೆ. "ನಾಲ್ಕನೇದು ಮಿಸ್, ನಾಲ್ಕು ದೊಡ್ಡದಲ್ವಾ?" ಎಂದಳು. ಉಳಿದವರೂ ಹೌದು ಹೌದು ಎಂದರು! ನನ್ನ ಜೀವ ಬಾಯಿಗೆ ಬಂತು. ಪರೀಕ್ಷಕರ ಪೆನ್ನು ಓಡತೊಡಗಿತು.

ಯೋಜನೆಯನ್ನು ಪಕ್ಕಕ್ಕಿಟ್ಟೆ. ಎಲ್ಲರ ಕೈಗೂ ಕಾಗದ ಕೊಟ್ಟು ಬಾಯಿ ಮುಚ್ಚಿಕೊಂಡು ನಿಂತೆ. ನನಗೆ ಅದೆಷ್ಟು ಕಷ್ಟವೆಂದು ನಿಮಗೆ ಗೊತ್ತೇ ಇದೆ. ಮಡಚಿದರು, ಹರಿದರು, ಜಗಳವಾಡಿದರು. ಕೊನೆಗೆ ಆ ಹುಡುಗಿಯೇ ಒಂದು ತುಂಡಿನ ಮೇಲೆ ಇನ್ನೊಂದನ್ನಿಟ್ಟು, "ಜಾಸ್ತಿ ಜನಕ್ಕೆ ಹಂಚಿದ್ರೆ ಚೂರು ಸಣ್ಣದಾಗತ್ತೆ ಮಿಸ್!" ಎಂದು ಕೂಗಿದಳು. ಖುಷಿಗೆ ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಕೂಡುವ ಲೆಕ್ಕ ಶುರುವೇ ಆಗಿರಲಿಲ್ಲ. ಪರೀಕ್ಷಕರು ಪೆನ್ನು ಜೇಬಿಗಿಟ್ಟು ಎದ್ದು ಹೋದರು. "ಏನಮ್ಮಾ ನೀವು, ಅರ್ಧಕ್ಕೇ ನಿಲ್ಲಿಸಿಬಿಟ್ರಲ್ಲ" ಎಂದು ಮೇಡಂ ತಲೆ ಚಚ್ಚಿಕೊಂಡರು. ಆಗಿನಿಂದ ಇಲ್ಲೇ ಕೂತಿದ್ದೇನೆ. ಹೆದರಿಕೆಯಾಗುತ್ತಿದೆ ರೀ, ನೀವು ಪಕ್ಕದಲ್ಲಿರಬೇಕಿತ್ತು. ಬಾಗಿಲು ತೆರೆಯಿತು, ಕರೆಯುತ್ತಿದ್ದಾರೆ.

ಅತ್ತೆಯ ಆಶೀರ್ವಾದ, ಪುಟ್ಟಿಯ ಮುತ್ತು. ಎಲ್ಲರಿಗೂ ಬಡಿಸಿ ನೀವು ಹಸಿದುಕೊಂಡಿರಬೇಡಿ.

ನಿಮ್ಮವಳು

ತಾ.ಕ.: ಪಾಸು! "ಆಯ್ತು ಮಿಸ್" ಎಂಬುದನ್ನು ನಂಬದೆ ಮತ್ತೆ ಕೇಳಿದ್ದಕ್ಕೇ ಪಾಸು ಮಾಡಿದರಂತೆ. ಆದರೆ ಕೆಲಸ ದೂರದ ಊರಿನಲ್ಲಿ, ಮುಂದಿನ ತಿಂಗಳೇ ಸೇರಬೇಕು. ದೂರದ ಊರಿಗೆ ಹಾಕಿದರೆ ಅತ್ತೆಯನ್ನೂ ಪುಟ್ಟಿಯನ್ನೂ ಕರೆದುಕೊಂಡು ಹೊರಡಲೇ ಎಂದು ಫೋನಿನಲ್ಲಿ ಕೇಳಿದಾಗಲೆಲ್ಲ ನೀವು "ಹೂಂ" ಎಂದಿದ್ದೀರಿ. ಕ್ಲಾಸಿನ "ಆಯ್ತು ಮಿಸ್" ಥರದ ಆ ಹೂಂ ಇನ್ನು ನನಗೆ ಸಾಲದು. ಮುಂದಿನ ರಜೆಗೆ ನೀವು ಬರುವುದು ಯಾವ ಮನೆಗೆ? ನಿಮ್ಮ ಮಾತಿನಲ್ಲೇ ಬರೆಯಿರಿ.