ಸ್ಟಾಕ್‌ಹೋಮಿನ ಮೂರನೆಯ ಸಂಜೆ

ವೈಶಾಖ ಮಾಸದ ನಲವತ್ತೊಂದನೆಯ ದಿನ, ಕ್ರಿಸ್ತಶಕ 2319
ಅದಿರೂರು, ಸಂಡೂರು ಬೆಟ್ಟದ ಒಳಗೆ

ಮೂರು ದಿನದ ಮಟ್ಟಿಗೆ ಸ್ಟಾಕ್‌ಹೋಮ್ ನೋಡಿಬರಲು ಸಿದ್ಧತೆ ನಡೆಸಿರುವ ಹಿರಿಯರಿಗೆ ಹುಲಿಗೆಮ್ಮನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದ ವೈಶಾಖ ಮೂವತ್ತು ದಿನಕ್ಕೆ ಮುಗಿಯುವುದಿಲ್ಲ. ಬಿಸಿಲು ಇಳಿಯುವ ತನಕ ತಿಂಗಳನ್ನು ಎಳೆಯುತ್ತಲೇ ಇರುತ್ತೇವೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಮುನ್ನೂರು ವರ್ಷ ಹಿಂದಿನವರಾದ್ದರಿಂದ ನಿಮ್ಮನ್ನು ಹಿರಿಯರೆಂದೆ. ನಿಮಗಿನ್ನೂ ಇಪ್ಪತ್ತೇ ಆಗಿದ್ದರೂ ಸಹಿಸಿಕೊಳ್ಳಿ.

ನಾವಿರುವುದು ನಿಮ್ಮ ಕಾಲದವರು ಅದಿರು ತೆಗೆದು ಬಿಟ್ಟುಹೋದ ಗುಂಡಿಗಳ ಕೆಳಗೆ ಕೊರೆದ ಊರಿನಲ್ಲಿ. ಹೊರಗೆ ಕಾಲಿಟ್ಟರೆ ಸುಡುತ್ತದೆ. ಇಲ್ಲಿ ಗೋಡೆ ಕೆಂಪು, ನೀರು ಕೆಂಪು, ಒಗೆದು ಹರವಿದ ಬಿಳಿ ಸೀರೆಯೂ ಸಂಜೆಗೆ ಕೆಂಪು. ಉಣ್ಣಲು ದೀಪಜೋಳವಿದೆ, ಅಂದರೆ ದೀಪದ ಬೆಳಕಿನಲ್ಲಿ ಬೆಳೆದ ಜೋಳ. ರೊಟ್ಟಿ ಎಷ್ಟು ಹುಷಾರಾಗಿ ತಟ್ಟಿದರೂ ಅಂಚು ಒಡೆಯುತ್ತದೆ. ನನಗೆ ನಲವತ್ತು ದಾಟಿತು, ಆಕಾಶವನ್ನು ಗಾಜಿನ ಕಿಂಡಿಯಲ್ಲಿ ಮಾತ್ರ ಕಂಡಿದ್ದೇನೆ. ರೊಟ್ಟಿ ತಟ್ಟುತ್ತ ಕೂತಾಗ ಒಮ್ಮೊಮ್ಮೆ ಎದ್ದು ಈ ಗೋಡೆಯನ್ನು ಗುದ್ದಿಬಿಡೋಣ ಅನ್ನಿಸುತ್ತದೆ. ಗುದ್ದಿದ್ದೂ ಉಂಟು. ಕೈ ಊದಿತು, ಅಷ್ಟೇ.

ಹೊರಗೆ ಹೋಗಲು ಇರುವುದು ಕೊಳವೆಬಂಡಿ ಒಂದೇ. ನೆಲದಡಿಯ ಕೊಳವೆಯಲ್ಲಿ ತಂಪುದೇಶಗಳಿಗೆ ಓಡುವ ಬಂಡಿ. ಅಲ್ಲಿ ಮೂರು ದಿನ ಇರಬಹುದು. ಹೋದವರು ತಿರುಗಿ ಬರಲೆಂದು ನಮ್ಮ ಹಿರೀಕರು ಒಂದು ಪದ್ಧತಿ ಮಾಡಿಟ್ಟಿದ್ದಾರೆ. ಮನೆಯಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಅವರ ಪರವಾಗಿ ಹಿಂದೆ ನಿಲ್ಲಬೇಕು. ಅವರನ್ನು ನಿಲ್ಲಾಳು ಎನ್ನುತ್ತೇವೆ. ಹೋದವರು ಬಂದರೆ ಮುಂದಿನ ಸರದಿ ನಿಲ್ಲಾಳಿನದು. ಬಾರದೆ ಅಲ್ಲೇ ಉಳಿದುಬಿಟ್ಟರೆ ಅವರನ್ನು ಯಾರೂ ಹುಡುಕುವುದಿಲ್ಲ. ನಿಲ್ಲಾಳಿಗೆ ಮಾತ್ರ ಈ ಜನ್ಮದಲ್ಲಿ ಬಾಗಿಲು ತೆರೆಯುವುದಿಲ್ಲ. ನಮ್ಮ ಓಣಿಯ ದುರುಗಪ್ಪಣ್ಣನ ಹೆಂಡತಿ ಹೋಗಿ ಎಷ್ಟೋ ವರ್ಷವಾಯಿತು. ಬಂಡಿ ಬರುವ ದಿನ ಅವನು ಈಗಲೂ ಒಗೆದ ಅಂಗಿ ತೊಟ್ಟು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾನೆ.

ಈ ಸಲ ಸ್ಟಾಕ್‌ಹೋಮಿಗೆ ಹೋಗುವವಳು ನನ್ನ ತಂಗಿ ಸುಂಕ್ಲಮ್ಮ. ನಿಲ್ಲಾಳು ನಾನು. ನಿಂತವರಿಗೆ ಒಂದು ಹಕ್ಕುಂಟು: ಎಲ್ಲಿ ನಡೆಯಬೇಕು, ಏನು ತಿನ್ನಬೇಕು ಎಂದು ಗೊತ್ತು ಮಾಡುವವರು ಅವರೇ. ಹೋದವರು ಹಾಗೇ ಮಾಡಿ, ಬಂದು, ಕೂತು ಹೇಳಬೇಕು. ಹೀಗಾಗಿ ಬೆಟ್ಟ ದಾಟದ ನಾನು ತಿಂಗಳುಗಟ್ಟಲೆ ಸ್ಟಾಕ್‌ಹೋಮಿನಲ್ಲೇ ಓಡಾಡಿಕೊಂಡಿದ್ದೇನೆ. ಮೊದಲ ದಿನಕ್ಕೆ ಹಳೆಯ ಊರಿನ ಇಕ್ಕಟ್ಟು ಓಣಿಗಳನ್ನು ಇಟ್ಟೆ. ಗವಿಯಿಂದ ಹೋದವಳಿಗೆ ಒಮ್ಮೆಲೇ ಬಯಲು ಕಂಡರೆ ತಲೆ ತಿರುಗುತ್ತದೆ. ಎರಡನೆಯ ದಿನ ದೋಣಿ ಹತ್ತಿ ದ್ವೀಪದಿಂದ ದ್ವೀಪಕ್ಕೆ. ನಡುವೆ ಎಲ್ಲಾದರೂ ಕೂತು ದಾಲ್ಚಿನ್ನಿಯ ಸುರುಳಿ ಬನ್ನು, ಕಾಫಿ. ಕಾಫಿ ಒಲ್ಲೆ ಎಂದು ಸುಂಕ್ಲಿ ತಕರಾರು ತೆಗೆದಳು. ಕುಡಿಯಲೇಬೇಕು ಎಂದೆ. ಅದು ನನ್ನ ಕಾಫಿ.

ಮೂರನೆಯ ಸಂಜೆಗೆ ಬಂದಾಗ ನನ್ನ ಯೋಜನೆ ನಿಂತುಹೋಯಿತು. ಮೊನ್ನೆ ಅವಳು ಒಲೆಯ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತು, "ಅಕ್ಕಾ, ಚಟ್ನಿಪುಡಿಗೆ ಅಗಸಿ ಎಷ್ಟೊತ್ತು ಹುರೀಬೇಕು?" ಎಂದು ಕೇಳಿದಳು. "ಡಬ್ಬಿ ತುಂಬ ಕಟ್ಟಿ ಕೊಡ್ತೀನಿ, ನಿನಗ್ಯಾಕ ಆ ಉಸಾಬರಿ?" ಎಂದೆ. "ಸುಮ್ನ ಕೇಳ್ದೆ ತಗಾ" ಎಂದು ಮುಖ ತಿರುಗಿಸಿದಳು. ಹುಟ್ಟಿದಾಗಿನಿಂದ ಒಲೆಯ ಕಡೆ ಸುಳಿದವಳಲ್ಲ. ಮೂರು ದಿನಕ್ಕೆ ಹೋಗುವವಳು ಚಟ್ನಿಪುಡಿ ಕಟ್ಟಿಸಿಕೊಳ್ಳುತ್ತಾಳೆ, ಮಾಡುವುದನ್ನು ಕಲಿಯುವುದಿಲ್ಲ.

ಅವಳು ತಿರುಗಿ ಬರುವುದಿಲ್ಲ. ಸಿಟ್ಟು ನೆತ್ತಿಗೇರಿತು. ನಾನು ನಿಲ್ಲುವುದಿಲ್ಲ ಎಂದರೆ ಸಾಕು, ಅವಳ ಪ್ರಯಾಣ ರದ್ದು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವಳೂ ಅದಕ್ಕೇ ಹೆದರಿ ನನ್ನ ಮುಖ ನೋಡುವುದನ್ನು ಬಿಟ್ಟಿದ್ದಳು. ನಿನ್ನೆ ರೊಟ್ಟಿ ಬಡಿಸುವಾಗ ನೋಡಿದೆ: ಅವಳ ಬಲಗೈಯ ಗೆಣ್ಣುಗಳು ಊದಿದ್ದವು. ಅವಳೂ ಗೋಡೆ ಗುದ್ದುತ್ತಾಳೆಂದು ನನಗೆ ಗೊತ್ತಿರಲಿಲ್ಲ. ನನಗೆ ಅಳು ಬಂತು. ಮೆಣಸಿನಕಾಯಿ ಘಾಟು ಎಂದೆ.

ಹಿರಿಯರೇ, ನಿಮ್ಮಲ್ಲಿ ಒಂದೇ ಬೇಡಿಕೆ. ಆ ಊರಿನಲ್ಲಿ ಬೇಸಿಗೆಯ ಸೂರ್ಯ ಮುಳುಗಲು ಮನಸ್ಸೇ ಮಾಡುವುದಿಲ್ಲವಂತೆ. ಮೂರನೆಯ ಸಂಜೆಗೆ ಏನನ್ನೂ ಗೊತ್ತುಮಾಡಿಕೊಳ್ಳಬೇಡಿ. ನೀರಿನ ಬದಿಗೆ ಕೂತು ನನ್ನ ಪಾಲಿನ ಹೊತ್ತನ್ನೂ ನೋಡಿ. ಆಮೇಲೆ ಎದ್ದು ಮನೆಗೆ ಹೊರಡಿ. ಹೋಗುವುದೂ ಬರುವುದೂ ನಿಮ್ಮ ಕೈಯಲ್ಲೇ ಇದೆ. ಅದು ಎಷ್ಟು ದೊಡ್ಡದೆಂದು ನಿಮಗೆ ಗೊತ್ತಿರಲಾರದು, ಅದಕ್ಕೇ ಹೇಳಿದೆ.

ಸುಂಕ್ಲಿಗೂ ಆ ಸಂಜೆಯನ್ನು ಖಾಲಿ ಬಿಟ್ಟಿದ್ದೇನೆ. ಈಗ ಅವಳನ್ನು ಒಲೆಯ ಹತ್ತಿರ ಕರೆಯಬೇಕು. ಅಗಸೆಯನ್ನು ಸಣ್ಣ ಉರಿಯಲ್ಲಿ ಹುರಿಯಬೇಕು, ಚಟಪಟ ಅಂದ ಕೂಡಲೇ ಇಳಿಸಬೇಕು, ಆರಿದ ಮೇಲೆಯೇ ಕುಟ್ಟಬೇಕು. ಎಲ್ಲವನ್ನೂ ಇವತ್ತೇ ಕಲಿಸಿಬಿಡುತ್ತೇನೆ.