ಕೋಚ್ ಬೆರಳು ತೋರಿಸಿದ್ದು ನೀರಿಗಲ್ಲ

ಮಾನ್ಯ ಪ್ರಾಂಶುಪಾಲರೇ,

ನಮ್ಮ ಬಾಸ್ಕೆಟ್‌ಬಾಲ್ ತಂಡಕ್ಕೆ ಹೊಸ ಕೋಚ್ ಯಾರೆಂದು ಸೋಮವಾರ ತಮ್ಮ ಆಯ್ಕೆ ಸಮಿತಿ ತೀರ್ಮಾನಿಸಲಿದೆಯಂತೆ. ಆ ಶ್ರಮ ತಮಗೇಕೆ? ಮೂವತ್ತು ವರ್ಷ ಈ ಕಾಲೇಜಿನ ಆಟ ಕಟ್ಟಿದ ಕೋಚ್, ಬೀಳ್ಕೊಡುಗೆ ಸಭೆಯಲ್ಲೇ, ತಮ್ಮ ಕಣ್ಣೆದುರಿಗೇ, ಮುಂದಿನ ಕೋಚನ್ನು ಆರಿಸಿಬಿಟ್ಟರು. ತಾವು ಅವರಿಗೆ ಒಂದು ಲೋಟ ನೀರು ತರಿಸಿಕೊಟ್ಟಿರಿ.

ನಮ್ಮ ಆಟದ ಅಂಕಣದಲ್ಲೊಂದು ಪದ್ಧತಿಯಿದೆ. ಬುಟ್ಟಿಗೆ ಚೆಂಡು ಹಾಕಿದವನು ಎದೆ ತಟ್ಟಿಕೊಳ್ಳುವಂತಿಲ್ಲ. ಅದನ್ನು ತನಗೆ ದಾಟಿಸಿದವರತ್ತ ಬೆರಳು ತೋರಿಸಬೇಕು. ಮರೆತವನು ಅಂಕಣ ಗುಡಿಸಬೇಕು. ಬೀಳ್ಕೊಡುಗೆಯಂದು ತಾವು ಕೋಚ್ ಕೈಗೆ ಫಲಕ ಕೊಟ್ಟು, "ಈ ಸಲದ ಕಪ್ಪೂ ತಮ್ಮದೇ ಸಾಧನೆ" ಎಂದಿರಿ. ಕೋಚ್ ಒಮ್ಮೆ ಕೆಮ್ಮಿ ಫಲಕವನ್ನು ಕಂಕುಳಿಗಿಟ್ಟರು. ಕೈಯೆತ್ತಿ ಹಿಂದಿನ ಸಾಲಿನತ್ತ ಬೆರಳು ತೋರಿಸಿದರು. ಅಲ್ಲಿ ಚೆಂಡಿನ ಚೀಲ ಹಿಡಿದು ಡಾಕ್ಟರಕ್ಕ ನಿಂತಿದ್ದರು. ನಾವು ಕುರ್ಚಿ ಹತ್ತಿ ಕುಣಿದೆವು. ತಾವು ಮೈಕಿನಲ್ಲೇ, "ಯಾರಪ್ಪಾ ಅಲ್ಲಿ, ಸರ್‌ಗೆ ಬೇಗ ನೀರು ತನ್ನಿ!" ಎಂದಿರಿ. ಅಕ್ಕನ ಹಿಂದೆ ನೀರಿನ ಡ್ರಮ್ ಇದ್ದದ್ದು ನಿಜ. ಆದರೆ ಆ ಡ್ರಮ್ ನಮಗೆ ಯಾವತ್ತೂ ಚೆಂಡು ದಾಟಿಸಿಲ್ಲ, ಸ್ವಾಮಿ.

ಡಾಕ್ಟರಕ್ಕ ನಮ್ಮ ಕಾಲೇಜಿನ ಹುಡುಗಿಯರ ತಂಡದ ಹಳೆಯ ನಾಯಕಿ. ಈಗ ಎದುರಿನ ಬೀದಿಯಲ್ಲಿ ಹಲ್ಲಿನ ಡಾಕ್ಟರು. ಕೋಚ್ ಎದೆಯ ಆಪರೇಷನ್ ಮಾಡಿಸಿಕೊಂಡಂದಿನಿಂದ ದಿನಾ ಸಂಜೆ ದವಾಖಾನೆಯ ಬಾಗಿಲೆಳೆದು ಬಂದು ನಮ್ಮನ್ನು ಆಡಿಸಿದ್ದು ಅವರೇ. ನಾವು ಇದನ್ನು ಹೇಳಲು ಬಂದಾಗ ತಾವು, "ಹಲ್ಲು ಕೀಳೋರಿಗೆ ಕೋಚ್ ಕೆಲಸ ಯಾಕಪ್ಪಾ?" ಎಂದು ನಕ್ಕಿರಿ. ಫೈನಲ್ ಪಂದ್ಯಕ್ಕೆ ತಾವು ಬಂದಿರಲಿಲ್ಲ. ಅಂಕ ಸಮ. ನಮ್ಮ 'ಏಣಿ'ಗೆ ಕೊನೆಯ ಫ್ರೀ ಥ್ರೋ. ಅಷ್ಟುದ್ದದ ಆಸಾಮಿ ಎಲೆಯಂತೆ ನಡುಗುತ್ತಿದ್ದ.

"ನನ್ ಕುರ್ಚಿಲಿ ಕೂತಾಗ್ಲೂ ಹೀಗೇ ನಡುಗ್ತಿದ್ದೆ ಅಲ್ವೇನೋ?" ಎಂದರು ಅಕ್ಕ ಗೆರೆಯಾಚೆಯಿಂದ.

"ಅಕ್ಕಾ, ಆಗ ನಿಮ್ ಕೈಲಿ ಸೂಜಿ ಇತ್ತು!"

"ಈಗ್ಲೂ ಬ್ಯಾಗಲ್ಲಿದೆ. ಸುಮ್ನೆ ಹಾಕು."

ಏಣಿ ನಕ್ಕ. ನಗುತ್ತಲೇ ಹಾಕಿದ. ಕಪ್ ತಮ್ಮ ಮೇಜಿನ ಮೇಲಿದೆ. ಸದ್ಯಕ್ಕೆ ಅದರಲ್ಲಿ ಪೆನ್ನುಗಳಿವೆ.

ಇನ್ನು ಕೋಚ್ ಹುದ್ದೆಗೆ ತಮ್ಮ ಸಮಿತಿ ಮೆಚ್ಚಿಕೊಂಡಿರುವ ಮಹಾಶಯರು. 'ಗೆಲುವಿನ ಸಂಸ್ಕೃತಿ' ಎಂದು ಪರದೆಯ ಮೇಲೆ ಬಾಣ, ಪಿರಮಿಡ್ಡುಗಳನ್ನೆಲ್ಲ ತೋರಿಸಿದರಂತೆ. ಅಂಕಣ ನೋಡಲು ಬಂದಾಗ ನಮ್ಮವನೊಬ್ಬ ಪ್ರೀತಿಯಿಂದ ಚೆಂಡನ್ನು ಅವರತ್ತ ಉರುಳಿಸಿದ. ಬೂಟಿಗೆ ಧೂಳಾದೀತೆಂದು ಅವರು ಪಕ್ಕಕ್ಕೆ ಸರಿದರು. ಚೆಂಡು ಗೇಟು ದಾಟಿ ಬೀದಿಗೆ ಹೋಯಿತು. ಇಂಥವರ ಕೈಗೆ ತಂಡ ಕೊಡುತ್ತೀರಾ?

ಮೊದಲ ವರ್ಷದಲ್ಲಿ ನಾನೂ ಸಿಕ್ಕ ಹೋರಾಟದ ಕರಪತ್ರಗಳನ್ನೆಲ್ಲ ಓದಿ, ಅಂಕಣದ ನಡುವೆ ನಿಂತು, "ಆಡುವವರಿಗೇ ಅಧಿಕಾರ!" ಎಂದು ಕೂಗಿದ್ದೆ. ಕೋಚ್ ಚೆಂಡನ್ನು ನನ್ನ ಎದೆಗೆಸೆದು, "ತಗೋ ಮಗಾ, ಅಧಿಕಾರ ನಿಂದೇ. ಈಗ ಯಾರಿಗೆ ಕೊಡ್ತೀಯ ಹೇಳು" ಎಂದರು. ಯಾವ ಕರಪತ್ರದಲ್ಲೂ ಈ ಪ್ರಶ್ನೆ ಇರಲಿಲ್ಲ. ಯೋಚಿಸುತ್ತ ನಿಂತೆ, ಏಣಿ ಬಂದು ಕಿತ್ತುಕೊಂಡು ಹೋದ. ಆ ಘೋಷಣೆಯನ್ನು ಈಗಲೂ ನಂಬುತ್ತೇನೆ. ಅದರ ಮುಂದಿನ ಸಾಲು ಮಾತ್ರ ಕೋಚ್ ಕಲಿಸಿದ್ದು.

ಆದ್ದರಿಂದ ನಮ್ಮ ಬೇಡಿಕೆ: ಸೋಮವಾರದ ಸಂದರ್ಶನ ಸಭಾಕೊಠಡಿಯಲ್ಲಿ ಬೇಡ, ಅಂಕಣದಲ್ಲಾಗಲಿ. ಬೂಟಿನವರೂ ಬರಲಿ, ಅಕ್ಕನೂ ಬರಲಿ. ಇಬ್ಬರೂ ನಮ್ಮನ್ನು ಒಂದೊಂದು ಗಂಟೆ ಆಡಿಸಲಿ. ತಾವು ನಮ್ಮ ಬೆಂಚಿನ ಮೇಲೆ ಕೂತು ನೋಡಿ. ಆಮೇಲೆ ಆಡುವವರಿಗೂ ಒಂದು ಮತ ಕೊಡಿ. ಚೆಂಡು ಈಗ ತಮ್ಮ ಕೈಯಲ್ಲಿದೆ. ಹಿಡಿದುಕೊಂಡೇ ನಿಂತರೆ ಏನಾಗುತ್ತದೆಂದು ಅನುಭವದಿಂದ ಬಲ್ಲೆ. ದಾಟಿಸಿ, ಸ್ವಾಮಿ! ದಾಟಿಸಿದರೆ ನಾವೆಲ್ಲ ಒಟ್ಟಿಗೆ ತಮ್ಮತ್ತ ಬೆರಳು ತೋರಿಸುತ್ತೇವೆ.

ಆಗ ದಯವಿಟ್ಟು ನಮಗೆ ನೀರು ತರಿಸಬೇಡಿ.

ಇಂತಿ,
ಬೆಂಚಿನ ತುದಿಯ ಆಟಗಾರ
(ಈ ಪತ್ರ ತಮಗೆ ತಲುಪಿದ ಮೇಲೆ ಬಹುಶಃ ಅದೂ ಅಲ್ಲ)